ಕೊಟ್ಟ ಮಾಹಿತಿ ಸಾಕೇ? ಆಕೃತಿಯನ್ನು ಅಲುಗಾಡಿಸಿ ನೋಡಿ

ಪ್ರಶ್ನೆ: ಸರ್, ನಾನು ಕುಮಟಾದವಳು. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ರೇಖಾಗಣಿತದಲ್ಲಿ ಒಂದು ಪ್ರಶ್ನೆ ಕೇಳಿ, ಕೆಳಗೆ ಎರಡು ಹೇಳಿಕೆ ಕೊಡುತ್ತಾರೆ. ಉತ್ತರ ಬೇಡ, ಈ ಮಾಹಿತಿ ಸಾಕೇ ಸಾಲದೇ ಅಷ್ಟೇ ಹೇಳಿ ಅನ್ನುತ್ತಾರೆ. ನಾನು ಪ್ರತಿ ಸಲ ಪೂರ್ತಿ ಲೆಕ್ಕ ಬಿಡಿಸಲು ಹೋಗುತ್ತೇನೆ. ಉತ್ತರ ಬಂದರೆ ‘ಸಾಕು’, ಬರದಿದ್ದರೆ ‘ಸಾಲದು’ ಎಂದು ಗುರುತು ಹಾಕುತ್ತೇನೆ. ಸಮಯವೂ ಹೋಗುತ್ತದೆ, ಎಷ್ಟೋ ಸಲ ತಪ್ಪೂ ಆಗುತ್ತದೆ. ಉದಾಹರಣೆಗೆ: ‘ಒಂದು ಆಯತದ ವಿಸ್ತೀರ್ಣ ಎಷ್ಟು? (1) ಅದರ ಸುತ್ತಳತೆ 34 ಸೆಂ.ಮೀ. (2) ಅದರ ಕರ್ಣ 13 ಸೆಂ.ಮೀ.’ ಬಿಡಿಸದೇ ಇಂಥದ್ದನ್ನು ತಿಳಿಯುವುದು ಹೇಗೆ?

ಉತ್ತರ: ‘ಉತ್ತರ ಬರದಿದ್ದರೆ ಸಾಲದು’ ಎಂದು ಬರೆದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ನನಗೆ ಬಿಡಿಸಲು ಬರಲಿಲ್ಲ ಎನ್ನುವುದು ಒಂದು ಮಾತು. ಮಾಹಿತಿ ಸಾಲದು ಎನ್ನುವುದು ಬೇರೆಯೇ ಮಾತು. ಮೊದಲನೆಯದು ನನ್ನ ಬಗ್ಗೆ, ಎರಡನೆಯದು ಆಕೃತಿಯ ಬಗ್ಗೆ. ‘ಸಾಲದು’ ಎಂದು ಹೇಳಬೇಕಾದರೆ ಅದಕ್ಕೊಂದು ಸಾಕ್ಷಿ ಬೇಕು. ಆ ಸಾಕ್ಷಿ ಏನು? ಕೊಟ್ಟ ಎಲ್ಲ ಮಾತಿಗೂ ಒಪ್ಪುವ ಎರಡು ಆಕೃತಿ ಬರೆದು ತೋರಿಸಬೇಕು. ಕೇಳಿದ ಸಂಗತಿ ಎರಡರಲ್ಲೂ ಬೇರೆ ಬೇರೆ ಬರಬೇಕು. ಅಷ್ಟಾದರೆ ಕೆಲಸ ಮುಗಿಯಿತು. ಲೆಕ್ಕ ಬಿಡಿಸುವ ಪ್ರಶ್ನೆಯೇ ಇಲ್ಲ.

ಆದ್ದರಿಂದ ಇಂಥ ಪ್ರಶ್ನೆ ಕಂಡ ಕೂಡಲೇ ಸೂತ್ರ ಹುಡುಕಬೇಡಿ. ಕೈಯಲ್ಲಿ ಕೈವಾರ, ಅಳತೆಪಟ್ಟಿ, ಕೋನಮಾಪಕ ಇದೆ ಎಂದುಕೊಳ್ಳಿ. ಕೊಟ್ಟಷ್ಟೇ ಮಾಹಿತಿಯಿಂದ ಆ ಆಕೃತಿಯನ್ನು ಬರೆಯಲು ಹೊರಡಿ. ಎಲ್ಲಾದರೂ ‘ಇಲ್ಲಿ ನಾನು ಇಷ್ಟ ಬಂದಷ್ಟು ತೆಗೆದುಕೊಳ್ಳಬಹುದು’ ಅನ್ನಿಸಿತೇ? ಹಾಗಾದರೆ ಆಕೃತಿ ಇನ್ನೂ ಸಡಿಲವಾಗಿದೆ. ತೋಟದ ಮರದ ಗೇಟಿಗೆ ನಾಲ್ಕು ಪಟ್ಟಿ ಹೊಡೆದು ಬಿಟ್ಟರೆ ಅದು ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಹೊಡೆದರೆ ನಿಲ್ಲುತ್ತದೆ. ಚತುರ್ಭುಜಕ್ಕೂ ತ್ರಿಭುಜಕ್ಕೂ ಇರುವ ವ್ಯತ್ಯಾಸ ಇಷ್ಟೇ. ಮೂರು ಬಾಹು ಗೊತ್ತಾದರೆ ತ್ರಿಭುಜ ಅಲುಗಾಡುವುದಿಲ್ಲ. ನಾಲ್ಕು ಬಾಹು ಗೊತ್ತಾದರೂ ಚತುರ್ಭುಜ ಅಲುಗಾಡುತ್ತದೆ.

ಇದು ಬರೀ ಪರೀಕ್ಷೆಯ ಮಾತಲ್ಲ. ನಮ್ಮ ಶಿರಸಿ ಕಡೆ ಜಾಗದ ವ್ಯವಹಾರದಲ್ಲಿ ಇದು ಆಗಾಗ ಎದುರಾಗುತ್ತದೆ. ಬಾಗಾಯ್ತದ ಒಂದು ತುಂಡನ್ನು ಟೇಪು ಹಿಡಿದು ನಾಲ್ಕೂ ಬದಿ ಅಳೆಯುತ್ತಾರೆ. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುತ್ತಾರೆ. ಇಷ್ಟು ಗುಂಟೆ ಎಂದು ಬಾಯಿಲೆಕ್ಕ ಹೇಳಿಬಿಡುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 1089 ಚದರ ಅಡಿ. ಈಗ ನಾಲ್ಕೂ ಬದಿ 66 ಅಡಿ ಇರುವ ಜಾಗ ತೆಗೆದುಕೊಳ್ಳಿ. ಮೂಲೆಗಳು ಲಂಬಕೋನವಾಗಿದ್ದರೆ ಅದು ಸರಿಯಾಗಿ 4 ಗುಂಟೆ. ಅದೇ ನಾಲ್ಕು ಬದಿ ಇಟ್ಟುಕೊಂಡು ಆಕೃತಿಯನ್ನು ಒಂದು ಕಡೆ ತಳ್ಳಿ. ಒಂದು ಮೂಲೆ 60 ಡಿಗ್ರಿಗೆ ಬಂದಾಗ ಜಾಗ ಸುಮಾರು ಮೂರೂವರೆ ಗುಂಟೆಗೆ ಇಳಿಯುತ್ತದೆ. 30 ಡಿಗ್ರಿಗೆ ಬಂದಾಗ ಬರೀ 2 ಗುಂಟೆ. ಸರಾಸರಿ ತೆಗೆದು ಗುಣಿಸುವವರಿಗೆ ಮಾತ್ರ ಮೂರು ಸಲವೂ 4 ಗುಂಟೆಯೇ ಬರುತ್ತದೆ! ನಾಲ್ಕು ಬದಿಯ ಅಳತೆ ತಪ್ಪಿಲ್ಲ, ಗುಣಾಕಾರ ತಪ್ಪಿಲ್ಲ. ಆದರೆ ಮಾಹಿತಿ ಸಾಲದು. ಮೂಲೆಯಿಂದ ಮೂಲೆಗೆ ಒಂದು ಕರ್ಣ ಅಳೆದಿದ್ದರೆ ಜಾಗ ಎರಡು ತ್ರಿಭುಜವಾಗುತ್ತಿತ್ತು. ಒಂದೊಂದರ ವಿಸ್ತೀರ್ಣ ತೆಗೆದು ಕೂಡಿಸಿದರೆ ಆಯಿತು. ಜಾಗ ಕೊಳ್ಳುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ಐದನೇ ಅಳತೆ ಕೇಳಿ.

ಈ ವಿಷಯದಲ್ಲಿ ಭಾಸ್ಕರಾಚಾರ್ಯರಿಗೆ ಎಷ್ಟು ಸಿಟ್ಟಿತ್ತು ಎಂದರೆ, 1150ರಲ್ಲಿ ಬರೆದ ‘ಲೀಲಾವತಿ’ಯಲ್ಲಿ ಬೈದೇ ಬಿಟ್ಟಿದ್ದಾರೆ. ಚತುರ್ಭುಜದ ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಅದರ ವಿಸ್ತೀರ್ಣ ಇಷ್ಟೇ ಎಂದು ಹೇಗೆ ಕೇಳುತ್ತಾರೆ ಎನ್ನುವುದು ಅವರ ತಕರಾರು. ಹಾಗೆ ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಕೊಡಲು ಹೊರಡುವವನು ಅವನಿಗಿಂತ ದೊಡ್ಡ ಪಿಶಾಚಿ ಎನ್ನುವ ಅರ್ಥದ ಮಾತು ಅಲ್ಲಿದೆ. ಅವರಿಗಿಂತ ಸುಮಾರು ಐನೂರು ವರ್ಷ ಮೊದಲು, 628ರಲ್ಲಿ, ಬ್ರಹ್ಮಗುಪ್ತರು ನಾಲ್ಕು ಬಾಹುಗಳಿಂದಲೇ ವಿಸ್ತೀರ್ಣ ತೆಗೆಯುವ ಸುಂದರ ಸೂತ್ರ ಕೊಟ್ಟಿದ್ದರು. ಅದು ಸರಿಯಾಗುವುದು ನಾಲ್ಕು ಶೃಂಗಗಳೂ ಒಂದೇ ವೃತ್ತದ ಮೇಲಿರುವ ಚತುರ್ಭುಜಕ್ಕೆ, ಅಂದರೆ ಚಕ್ರೀಯ ಚತುರ್ಭುಜಕ್ಕೆ ಮಾತ್ರ. ‘ಚಕ್ರೀಯ’ ಎನ್ನುವ ಆ ಒಂದು ಪದವೇ ಐದನೇ ಮಾಹಿತಿ. ಪರೀಕ್ಷೆಯಲ್ಲೂ ಹೀಗೆಯೇ. ಪ್ರಶ್ನೆಯ ಮೊದಲ ಸಾಲಿನಲ್ಲಿ ಸುಮ್ನೆ ಬಂದಂತೆ ಕಾಣುವ ‘ಸಮದ್ವಿಬಾಹು’, ‘ಲಂಬಕೋನ’, ‘ಚಕ್ರೀಯ’ ಇವೆಲ್ಲ ಅಳತೆಯಷ್ಟೇ ತೂಕದ ಮಾಹಿತಿ. ಅವುಗಳ ಕೆಳಗೆ ಗೆರೆ ಎಳೆದುಕೊಳ್ಳಿ.

ಎಷ್ಟು ಮಾಹಿತಿ ಬಂದರೆ ಯಾವ ಆಕೃತಿ ನಿಲ್ಲುತ್ತದೆ ಎನ್ನುವ ಒಂದು ಅಂದಾಜು ತಲೆಯಲ್ಲಿ ಇರಲಿ. ವೃತ್ತಕ್ಕೆ, ಚೌಕಕ್ಕೆ, ಸಮಬಾಹು ತ್ರಿಭುಜಕ್ಕೆ ಒಂದು ಸಾಕು. ಆಯತ, ವಜ್ರಾಕೃತಿ, ಲಂಬಕೋನ ತ್ರಿಭುಜ, ಸಮದ್ವಿಬಾಹು ತ್ರಿಭುಜ ಇವಕ್ಕೆ ಎರಡು ಬೇಕು. ಸಾಮಾನ್ಯ ತ್ರಿಭುಜಕ್ಕೆ, ಸಮಾಂತರ ಚತುರ್ಭುಜಕ್ಕೆ ಮೂರು. ಚಕ್ರೀಯ ಚತುರ್ಭುಜಕ್ಕೆ ನಾಲ್ಕು, ಯಾವ ವಿಶೇಷವೂ ಇಲ್ಲದ ಚತುರ್ಭುಜಕ್ಕೆ ಐದು. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದೊಂದನ್ನೂ ಬರೆದು ನೋಡಿ ಒಪ್ಪಿಕೊಳ್ಳುವುದು ಒಳ್ಳೆಯದು.

ಆದರೆ ಎಣಿಕೆ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ತ್ರಿಭುಜದ ಮೂರು ಕೋನ ಕೊಟ್ಟರು ಎನ್ನಿ. ಮೂರು ಮಾಹಿತಿ ಬಂತು ಅನ್ನಿಸುತ್ತದೆ. ನಿಜಕ್ಕೂ ಬಂದದ್ದು ಎರಡೇ. ಎರಡು ಕೋನ ಗೊತ್ತಾದರೆ ಮೂರನೆಯದು 180ರಿಂದ ತಾನೇ ಬರುತ್ತದೆ. ‘ಕೋನ ಎ 60 ಡಿಗ್ರಿ’ ಎಂದು ಒಂದು ಹೇಳಿಕೆ, ‘ಕೋನ ಬಿ ಮತ್ತು ಸಿ ಸೇರಿದರೆ 120 ಡಿಗ್ರಿ’ ಎಂದು ಇನ್ನೊಂದು ಹೇಳಿಕೆ. ಎರಡೂ ಒಂದೇ ಮಾತು, ಬಟ್ಟೆ ಮಾತ್ರ ಬೇರೆ. ಇಂಥ ಜೋಡಿಯಲ್ಲಿ ಒಂದು ಸಾಲದಿದ್ದರೆ ಎರಡೂ ಸೇರಿದರೂ ಸಾಲದು. ಪ್ರಶ್ನೆ ತೆಗೆಯುವವರು ಈ ಬಲೆಯನ್ನು ಆಗಾಗ ಹಾಕುತ್ತಾರೆ. ‘ಎರಡೂ ಸೇರಿದರೆ ಸಾಕು’ ಎಂದು ಗುರುತು ಹಾಕುವ ಮೊದಲು ಎರಡನೆಯದು ನಿಜಕ್ಕೂ ಹೊಸದೇನಾದರೂ ಹೇಳುತ್ತಿದೆಯೇ ನೋಡಿ.

ಇನ್ನೊಂದು ಕಡೆ, ಎಣಿಕೆ ಸರಿಯಾಗಿದ್ದರೂ ಎರಡು ಆಕೃತಿ ಬರಬಹುದು. ಬಾ.ಬಾ.ಬಾ., ಬಾ.ಕೋ.ಬಾ., ಕೋ.ಬಾ.ಕೋ., ಲಂ.ವಿ.ಬಾ. ಎಂದು ಶಾಲೆಯಲ್ಲಿ ಕಲಿತಿರುತ್ತೀರಿ (ಬಾ. ಅಂದರೆ ಬಾಹು, ಕೋ. ಅಂದರೆ ಕೋನ, ಲಂ. ಅಂದರೆ ಲಂಬಕೋನ, ವಿ. ಅಂದರೆ ವಿಕರ್ಣ). ಸರ್ವಸಮತೆಯ ಆ ನಿಯಮಗಳೆಲ್ಲ ನಿಜದಲ್ಲಿ ‘ಇಷ್ಟು ಮಾಹಿತಿ ಸಾಕು’ ಎನ್ನುವ ಪಟ್ಟಿಯೇ. ಆ ಪಟ್ಟಿಯಲ್ಲಿ ಬಾ.ಬಾ.ಕೋ. ಇಲ್ಲ. ಯಾಕೆ ಇಲ್ಲ ಎಂದು ಒಮ್ಮೆ ಕೈಯಿಂದ ಬರೆದು ನೋಡಿದವರು ಜನ್ಮದಲ್ಲಿ ಮರೆಯುವುದಿಲ್ಲ. ಎ ಬಳಿ 30 ಡಿಗ್ರಿ ಕೋನ ಹಾಕಿ. ಅದರ ಒಂದು ಭುಜದ ಮೇಲೆ 10 ಸೆಂ.ಮೀ. ದೂರದಲ್ಲಿ ಬಿ ಗುರುತಿಸಿ. ಈಗ ಬಿ.ಸಿ. ಬಾಹು 6 ಸೆಂ.ಮೀ. ಇರಬೇಕು. ಕೈವಾರವನ್ನು 6ಕ್ಕೆ ತೆರೆದು ಬಿ ಮೇಲೆ ಮೊನೆ ಊರಿ ಕಂಸ ಎಳೆಯಿರಿ. ಅದು ಕೋನದ ಇನ್ನೊಂದು ಭುಜವನ್ನು ಎರಡು ಕಡೆ ಕತ್ತರಿಸುತ್ತದೆ! ಒಂದು ಕಡೆ ಎ.ಸಿ. ಸುಮಾರು 5.3 ಸೆಂ.ಮೀ., ಇನ್ನೊಂದು ಕಡೆ ಸುಮಾರು 12 ಸೆಂ.ಮೀ. ಎರಡು ತ್ರಿಭುಜ, ಎರಡೂ ಸರಿ. ಬಿ ಇಂದ ಎದುರಿನ ಗೆರೆಗೆ ಇರುವ ಲಂಬದೂರ 5 ಸೆಂ.ಮೀ. ಎನ್ನುವುದು ಇಲ್ಲಿ ಕೀಲಿ. ಬಿ.ಸಿ. ಸರಿಯಾಗಿ 5 ಇದ್ದರೆ ಒಂದೇ ತ್ರಿಭುಜ. 5ಕ್ಕಿಂತ ಕಡಿಮೆ ಇದ್ದರೆ ತ್ರಿಭುಜವೇ ಇಲ್ಲ. 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮತ್ತೆ ಒಂದೇ. ಅಂದರೆ ‘ಬಾ.ಬಾ.ಕೋ. ಬಂದರೆ ಸಾಲದು’ ಎಂದು ಕಣ್ಣು ಮುಚ್ಚಿ ಬರೆಯುವುದೂ ತಪ್ಪು. ಕೊಟ್ಟ ಅಂಕೆ ನೋಡಲೇಬೇಕು.

ಇದೇ ಜಾತಿಯ ಇನ್ನೊಂದು. ತ್ರಿಭುಜದ ಎರಡು ಬಾಹು 8 ಮತ್ತು 10, ವಿಸ್ತೀರ್ಣ 20. ಮೂರನೆಯ ಬಾಹು ಎಷ್ಟು? ಮೂರು ಮಾಹಿತಿ ಇದೆ. ಆದರೂ ಸಾಲದು. ನಡುವಿನ ಕೋನ 30 ಡಿಗ್ರಿ ಇದ್ದರೂ ವಿಸ್ತೀರ್ಣ 20, 150 ಡಿಗ್ರಿ ಇದ್ದರೂ 20. ವಿಸ್ತೀರ್ಣವನ್ನು 40 ಎಂದು ಬದಲಿಸಿ ನೋಡಿ. ಈಗ ಕೋನ 90 ಆಗದೆ ಬೇರೆ ದಾರಿಯೇ ಇಲ್ಲ, ಮಾಹಿತಿ ಸಾಕು. ಅಂಕೆ ಒಂದು ಬದಲಾದರೆ ಉತ್ತರ ತಿರುಗಿ ಬೀಳುವ ಇಂಥ ಪ್ರಶ್ನೆಗಳು ನನಗೆ ತುಂಬಾ ಇಷ್ಟ. ಇವುಗಳನ್ನು ಸೂತ್ರ ಕಂಠಪಾಠ ಮಾಡಿ ಗೆಲ್ಲಲು ಆಗುವುದಿಲ್ಲ.

ಅಂಕೆಯೇ ಕೆಲಸ ಮುಗಿಸಿಬಿಡುವ ಇನ್ನೊಂದು ಉದಾಹರಣೆ ಇದೆ. ಸಮದ್ವಿಬಾಹು ತ್ರಿಭುಜದ ಎರಡು ಬಾಹು 5 ಮತ್ತು 8 ಎಂದರೆ ಸುತ್ತಳತೆ 18 ಇರಬಹುದು, 21 ಇರಬಹುದು. ಸಾಲದು. 5 ಮತ್ತು 12 ಎಂದರೆ? ಎರಡು ಬಾಹು 5 ಆದರೆ ಅವೆರಡೂ ಸೇರಿ 10, ಮೂರನೆಯದಾದ 12ನ್ನು ಮುಟ್ಟುವುದೇ ಇಲ್ಲ. ಹಾಗಾಗಿ 12, 12, 5 ಮಾತ್ರ ಸಾಧ್ಯ. ಸುತ್ತಳತೆ 29. ಸಾಕು.

ಈಗ ನಿಮ್ಮ ಆಯತಕ್ಕೆ ಬರೋಣ. ಸುತ್ತಳತೆ 34 ಅಂದರೆ ಉದ್ದ ಅಗಲ ಸೇರಿ 17. ಅದು 16 ಮತ್ತು 1 ಇರಬಹುದು, 10 ಮತ್ತು 7 ಇರಬಹುದು. ವಿಸ್ತೀರ್ಣ ಒಂದರಲ್ಲಿ 16, ಇನ್ನೊಂದರಲ್ಲಿ 70. ಸಾಕ್ಷಿ ಸಿಕ್ಕಿತು, ಮೊದಲ ಹೇಳಿಕೆ ಒಂದೇ ಸಾಲದು. ಎರಡನೆಯದನ್ನು ನೋಡುವಾಗ ಮೊದಲನೆಯದನ್ನು ಪೂರ್ತಿ ಮರೆಯಬೇಕು. ಇಲ್ಲಿ ಎಷ್ಟೋ ಮಕ್ಕಳು ಎಡವುತ್ತಾರೆ. 34 ತಲೆಯಲ್ಲೇ ಉಳಿದಿರುತ್ತದೆ, ಗೊತ್ತಿಲ್ಲದೆ ಅದನ್ನೂ ಬಳಸಿ ಎರಡನೆಯದೊಂದೇ ಸಾಕು ಎಂದುಬಿಡುತ್ತಾರೆ. ಕರ್ಣ 13 ಮಾತ್ರ ಗೊತ್ತು ಎನ್ನಿ. ಆಯತ ಕಡ್ಡಿಯಷ್ಟು ತೆಳ್ಳಗೂ ಇರಬಹುದು, ಚೌಕವೂ ಆಗಿರಬಹುದು. ಸಾಲದು. ಎರಡೂ ಸೇರಿದರೆ? ಆಯತಕ್ಕೆ ಎರಡು ಮಾಹಿತಿ ಬೇಕು, ಎರಡು ಬಂತು, ಎರಡೂ ಬೇರೆ ಬೇರೆ. ಒಂದೇ ಅನುಮಾನ ಉಳಿಯುತ್ತದೆ: ಎರಡು ಆಯತ ಬಂದುಬಿಟ್ಟರೆ? ಉದ್ದ ಅಗಲ ಅದಲು ಬದಲಾಗಬಹುದು, ಆದರೆ ಅದು ಅದೇ ಆಯತವನ್ನು ತಿರುಗಿಸಿ ಇಟ್ಟಂತೆ. ವಿಸ್ತೀರ್ಣ ಬದಲಾಗುವುದಿಲ್ಲ. ಎರಡೂ ಸೇರಿದರೆ ಸಾಕು.

ಇದನ್ನು ಇನ್ನೂ ಚುರುಕಾಗಿ ನೋಡುವ ದಾರಿಯೂ ಉಂಟು. ಉದ್ದ ಅಗಲಗಳ ಮೊತ್ತದ ವರ್ಗ ಅಂದರೆ ಅವುಗಳ ವರ್ಗಗಳ ಮೊತ್ತ, ಜೊತೆಗೆ ಎರಡು ಪಟ್ಟು ವಿಸ್ತೀರ್ಣ. ಮೊತ್ತ ಸುತ್ತಳತೆಯಿಂದ ಬಂತು, ವರ್ಗಗಳ ಮೊತ್ತ ಕರ್ಣದಿಂದ ಬಂತು. 289ರಿಂದ 169 ಕಳೆದರೆ 120, ಅರ್ಧ 60 ಚದರ ಸೆಂ.ಮೀ. ಉದ್ದ ಎಷ್ಟು, ಅಗಲ ಎಷ್ಟು ಎಂದು ತಿಳಿಯದೆಯೇ ವಿಸ್ತೀರ್ಣ ಸಿಕ್ಕಿತು ನೋಡಿ. ಪರೀಕ್ಷೆಯಲ್ಲಿ ಈ 60ರ ಅಗತ್ಯವೂ ಇಲ್ಲ.

ಇದು ನನಗೆ ಅತ್ಯಂತ ಮುಖ್ಯ ಅನ್ನಿಸುವ ಮಾತಿಗೆ ಕರೆದುಕೊಂಡು ಹೋಗುತ್ತದೆ. ಆಕೃತಿ ಪೂರ್ತಿ ನಿಲ್ಲದಿದ್ದರೂ ಕೇಳಿದ ಸಂಗತಿ ನಿಂತಿರಬಹುದು. ಆಕೃತಿ ಅಲುಗಾಡುತ್ತದೆಯೇ ಎಂದಷ್ಟೇ ಕೇಳಿ ನಿಲ್ಲಿಸಬೇಡಿ. ಅಲುಗಾಡಿದಾಗ ಕೇಳಿದ ಸಂಗತಿ ಬದಲಾಗುತ್ತದೆಯೇ ಎಂದೂ ಕೇಳಿ. ತ್ರಿಭುಜದ ಪಾದ 12, ಎತ್ತರ 5 ಎಂದು ಮಾತ್ರ ಕೊಟ್ಟರೆ ಮೇಲಿನ ಶೃಂಗ ಪಾದಕ್ಕೆ ಸಮಾಂತರವಾದ ಗೆರೆಯ ಮೇಲೆ ಎಲ್ಲಿ ಬೇಕಾದರೂ ಓಡಾಡುತ್ತದೆ. ಸುತ್ತಳತೆ ಕೇಳಿದರೆ ಸಾಲದು, ವಿಸ್ತೀರ್ಣ ಕೇಳಿದರೆ ಸಾಕು. ಚತುರ್ಭುಜದ ಕರ್ಣಗಳು 10 ಮತ್ತು 12, ಅವು ಒಂದಕ್ಕೊಂದು ಲಂಬ ಎಂದು ಕೊಟ್ಟರೆ? ಐದು ಬೇಕಾದಲ್ಲಿ ಮೂರೇ ಮಾಹಿತಿ ಇದೆ. ಕರ್ಣಗಳು ಎಲ್ಲಿ ಕತ್ತರಿಸುತ್ತವೆ ಎಂದೂ ಹೇಳಿಲ್ಲ. ಆದರೂ ವಿಸ್ತೀರ್ಣ 60 ಬಿಟ್ಟು ಬೇರೆ ಆಗುವುದೇ ಇಲ್ಲ.

ಈ ಜಾತಿಯಲ್ಲಿ ನನಗೆ ಬಹಳ ಪ್ರೀತಿಯ ಲೆಕ್ಕ ಒಂದಿದೆ. ಒಂದೇ ಕೇಂದ್ರದ ಎರಡು ವೃತ್ತ. ದೊಡ್ಡ ವೃತ್ತದ ಒಂದು ಜ್ಯಾ (ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಗೆರೆ) ಚಿಕ್ಕ ವೃತ್ತವನ್ನು ಮುಟ್ಟಿಕೊಂಡು ಹೋಗುತ್ತದೆ, ಅದರ ಉದ್ದ 14 ಸೆಂ.ಮೀ. ಎರಡು ವೃತ್ತಗಳ ನಡುವಿನ ಬಳೆಯಾಕಾರದ ಭಾಗದ ವಿಸ್ತೀರ್ಣ ಎಷ್ಟು? ಎರಡೂ ತ್ರಿಜ್ಯ ಗೊತ್ತಿಲ್ಲ, ಮಾಹಿತಿ ಸಾಲದು ಎಂದೇ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಕೇಂದ್ರದಿಂದ ಜ್ಯಾಕ್ಕೆ ಲಂಬ ಎಳೆಯಿರಿ. ಅದು ಚಿಕ್ಕ ತ್ರಿಜ್ಯ. ಜ್ಯಾದ ಅರ್ಧ 7. ದೊಡ್ಡ ತ್ರಿಜ್ಯ ವಿಕರ್ಣ. ಪೈಥಾಗೊರಸ್ ಪ್ರಮೇಯದಂತೆ ದೊಡ್ಡ ತ್ರಿಜ್ಯದ ವರ್ಗದಿಂದ ಚಿಕ್ಕ ತ್ರಿಜ್ಯದ ವರ್ಗ ಕಳೆದರೆ ಯಾವಾಗಲೂ 49. ಬಳೆಯ ವಿಸ್ತೀರ್ಣಕ್ಕೆ ಬೇಕಾದದ್ದೂ ಆ ವ್ಯತ್ಯಾಸವೇ. 22/7 ಇಟ್ಟುಕೊಂಡರೆ 154 ಚದರ ಸೆಂ.ಮೀ. ವೃತ್ತಗಳು ತಟ್ಟೆಯಷ್ಟಿರಲಿ, ದೇವಸ್ಥಾನದ ಕೆರೆಯಷ್ಟಿರಲಿ, ಬಳೆಯ ವಿಸ್ತೀರ್ಣ ಅಷ್ಟೇ. ಚಿಕ್ಕ ವೃತ್ತವನ್ನು ಕುಗ್ಗಿಸಿ ಕುಗ್ಗಿಸಿ ಚುಕ್ಕೆ ಮಾಡಿದರೆ ಉಳಿಯುವುದು 7 ತ್ರಿಜ್ಯದ ವೃತ್ತ, ಅದರ ವಿಸ್ತೀರ್ಣವೂ 154. ತಾಳೆ ನೋಡಲು ಇದೊಂದು ಒಳ್ಳೆಯ ಉಪಾಯ. ಸಡಿಲ ಆಕೃತಿಯನ್ನು ಎರಡೂ ಕೊನೆಗೆ ಎಳೆದು ನೋಡಿ, ಕೇಳಿದ ಸಂಗತಿ ಬದಲಾಯಿತೇ ಎಂದು ಗಮನಿಸಿ.

ಇನ್ನು ಕೋನ ಮತ್ತು ಉದ್ದದ ವಿಷಯ. ಒಂದೇ ಕ್ಷಣದಲ್ಲಿ ಎಷ್ಟೋ ಪ್ರಶ್ನೆ ಮುಗಿಸಿಕೊಡುವ ಜರಡಿ ಇದು. ಕೇಳಿದ್ದು ಉದ್ದ ಅಥವಾ ವಿಸ್ತೀರ್ಣ, ಕೊಟ್ಟದ್ದು ಬರೀ ಕೋನ ಅಥವಾ ಅನುಪಾತ ಎಂದಾದರೆ ಎಷ್ಟೇ ಕೊಡಲಿ, ಸಾಲದು. ಆಕಾರ ಗೊತ್ತಾಗುತ್ತದೆ, ಗಾತ್ರ ಗೊತ್ತಾಗುವುದಿಲ್ಲ. ಅದೇ ಕೇಳಿದ್ದು ಕೋನವೋ ಎರಡು ವಿಸ್ತೀರ್ಣಗಳ ಅನುಪಾತವೋ ಆಗಿದ್ದರೆ ಒಂದು ಮಾಹಿತಿ ಕಡಿಮೆ ಸಾಕು. ಸಾಮಾನ್ಯ ತ್ರಿಭುಜಕ್ಕೆ ಆಗ ಎರಡೇ.

ಕಾರವಾರದ ಕಡಲತೀರದಲ್ಲಿ ನಿಂತು ದೇವಗಡ ದ್ವೀಪದ ಲೈಟ್ ಹೌಸಿಗೆ ಎಷ್ಟು ದೂರ ಎಂದು ಅಳೆಯಬೇಕು ಎನ್ನಿ. ಒಂದೇ ಕಡೆ ನಿಂತು ಕೋನ ಅಳೆದರೆ ದಿಕ್ಕು ಸಿಗುತ್ತದೆ, ದೂರ ಇಲ್ಲ. ಮರಳಿನ ಮೇಲೆ ಎರಡು ಗೂಟ ನೆಟ್ಟು, ಅವುಗಳ ನಡುವಿನ ಅಂತರ ಅಳೆದು, ಎರಡೂ ಕಡೆಯಿಂದ ಕೋನ ನೋಡಿದರೆ ಕೋ.ಬಾ.ಕೋ. ಆಯಿತು, ದೂರ ಸಿಕ್ಕಿತು. ನೀರಿಗೆ ಇಳಿಯಬೇಕಿಲ್ಲ. 1802ರಲ್ಲಿ, ಭಾರತವನ್ನು ತ್ರಿಭುಜಗಳಿಂದ ಅಳೆಯುವ ಮಹಾ ಸರ್ವೆ ಶುರುಮಾಡಿದ ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೆಲೆಗೆರೆಯನ್ನು ಸರಪಳಿ ಹಿಡಿದು ಅಳೆದದ್ದು ಇದಕ್ಕಾಗಿಯೇ. ಆ ಮಹಾ ಸರ್ವೆಯಲ್ಲಿ ಮುಂದೆ ಬಹುಪಾಲು ದೂರಗಳನ್ನು ಕೋನ ಅಳೆದೇ ಕಂಡುಹಿಡಿದರು, ನಡುನಡುವೆ ತಾಳೆ ನೋಡಲು ಬೇರೆ ನೆಲೆಗೆರೆಗಳನ್ನೂ ಅಳೆದರು. ಒಂದಾದರೂ ಉದ್ದ ಇಲ್ಲದಿದ್ದರೆ ಸಾವಿರ ಕೋನ ಅಳೆದರೂ ಒಂದು ಮೈಲಿ ಹುಟ್ಟುವುದಿಲ್ಲ. ಕಾಗದದ ಮೇಲೆ ‘ಸಾಕು’ ಎನ್ನುವುದಕ್ಕೂ ನೆಲದ ಮೇಲೆ ಸಾಕು ಎನ್ನುವುದಕ್ಕೂ ವ್ಯತ್ಯಾಸವಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. 5 ಕಿ.ಮೀ. ದೂರದ ವಸ್ತುವಿಗೆ ಗೂಟಗಳ ಅಂತರ 100 ಮೀಟರ್ ಆದರೆ ಆ ತುದಿಯ ಕೋನ ಸುಮಾರು ಒಂದೇ ಡಿಗ್ರಿ. ಅಳೆಯುವಾಗ ಅರ್ಧ ಡಿಗ್ರಿ ತಪ್ಪಿದರೆ ಉತ್ತರ ಕಿಲೋಮೀಟರ್‌ಗಟ್ಟಲೆ ಆಚೀಚೆ ಆಗುತ್ತದೆ. ಪರೀಕ್ಷೆಯಲ್ಲಿ ಈ ಚಿಂತೆ ಬೇಡ. ಅಲ್ಲಿ ಕೊಟ್ಟ ಅಳತೆ ಎಲ್ಲವೂ ನಿಖರ.

ಚಿತ್ರ ಕೊಟ್ಟಿದ್ದರೆ ಅದರ ಕಣ್ಣಂದಾಜು ನಂಬಬೇಡಿ. ಲಂಬ ಎಂದು ಗುರುತು ಇಲ್ಲದ ಕೋನವನ್ನು ಲಂಬ ಎಂದು ಹಿಡಿಯಬೇಡಿ, ಎಷ್ಟೇ ನೆಟ್ಟಗೆ ಕಂಡರೂ. ಗೆರೆ ಕೇಂದ್ರದ ಮೂಲಕ ಹೋದಂತೆ ಕಾಣುತ್ತದೆ ಎಂದು ಅದನ್ನು ವ್ಯಾಸ ಎಂದುಕೊಳ್ಳಬೇಡಿ. ಚಿತ್ರವನ್ನು ನೀವೇ ಪಕ್ಕದಲ್ಲಿ ಸೊಟ್ಟಗೆ ಬರೆದುಕೊಂಡರೆ ಇನ್ನೂ ಒಳ್ಳೆಯದು. ಬೇಕೆಂದೇ ಸೊಟ್ಟ ಬರೆಯಿರಿ.

‘ಹೌದೇ ಅಲ್ಲವೇ’ ಎಂದು ಕೇಳುವ ಪ್ರಶ್ನೆಯಲ್ಲಿ ‘ಅಲ್ಲ’ ಎನ್ನುವುದೂ ಪೂರ್ತಿ ಉತ್ತರ. ‘ಈ ತ್ರಿಭುಜ ಲಂಬಕೋನ ತ್ರಿಭುಜವೇ?’ ಎಂದು ಕೇಳಿ, ಬಾಹುಗಳು 7, 9, 11 ಎಂದು ಕೊಟ್ಟರೆ ಮಾಹಿತಿ ಸಾಕು. 49 ಮತ್ತು 81 ಸೇರಿ 130, ಅದು 121 ಅಲ್ಲ. ಖಚಿತವಾಗಿ ಅಲ್ಲ ಎಂದು ಗೊತ್ತಾಯಿತು. ‘ಅಲ್ಲ’ ಬಂತು ಎಂದು ‘ಸಾಲದು’ ಎಂದು ಗುರುತು ಹಾಕುವವರು ಬಹಳ ಜನ.

ಅಭ್ಯಾಸಕ್ಕೆ ಹೊಸ ಪುಸ್ತಕ ಕೊಳ್ಳಬೇಕಿಲ್ಲ. ಒಂಬತ್ತು, ಹತ್ತನೇ ತರಗತಿಯ ಪುಸ್ತಕದ ಲೆಕ್ಕ ತೆಗೆದುಕೊಳ್ಳಿ. ಒಂದು ಮಾಹಿತಿಯನ್ನು ಬೆರಳಿಂದ ಮುಚ್ಚಿ. ಈಗ ಆಕೃತಿ ಯಾವ ಕಡೆ ಸಡಿಲವಾಯಿತು ಎಂದು ಬರೆದು ನೋಡಿ. ಕೇಳಿದ ಸಂಗತಿಯೂ ಸಡಿಲವಾಯಿತೇ ಎಂದು ಕೇಳಿಕೊಳ್ಳಿ. ಆಮೇಲೆ ಆ ಜಾಗದಲ್ಲಿ ಬೇರೆ ಯಾವ ಮಾಹಿತಿ ಇಟ್ಟರೆ ಮತ್ತೆ ನಿಲ್ಲುತ್ತದೆ ಎಂದು ನೀವೇ ಒಂದು ಹೇಳಿಕೆ ಮಾಡಿ. ಸಿದ್ಧ ಪ್ರಶ್ನೆಗಳನ್ನು ರಾಶಿಗಟ್ಟಲೆ ಬಿಡಿಸುವುದಕ್ಕಿಂತ ಇದರಿಂದ ಬೇಗ ಕಣ್ಣು ಪಳಗುತ್ತದೆ.

ಶುರುಮಾಡಲು ಒಂದು ಲೆಕ್ಕ ಕೊಡುತ್ತೇನೆ. ಒಂದು ಸಮಾಂತರ ಚತುರ್ಭುಜದ ಅಕ್ಕಪಕ್ಕದ ಬಾಹುಗಳು 8 ಮತ್ತು 6 ಸೆಂ.ಮೀ. ಅದರ ಎರಡು ಎತ್ತರಗಳಲ್ಲಿ ಒಂದು 5 ಸೆಂ.ಮೀ., ಯಾವ ಬಾಹುವಿನ ಮೇಲಿನದು ಎಂದು ಹೇಳಿಲ್ಲ. ವಿಸ್ತೀರ್ಣ ಹೇಳಲು ಇಷ್ಟು ಸಾಕೇ? ಈಗ 5 ಅಳಿಸಿ 7 ಎಂದು ಬರೆಯಿರಿ. ಈಗ? ಎರಡಕ್ಕೂ ಉತ್ತರ ಒಂದೇ ಅಲ್ಲ. 7 ಸೆಂ.ಮೀ. ಎತ್ತರ ಯಾವ ಬಾಹುವಿನ ಮೇಲೆ ನಿಲ್ಲಬಹುದು ಎಂದು ಬರೆದು ನೋಡಿದರೆ ಯಾಕೆ ಎಂದು ತಿಳಿಯುತ್ತದೆ.